ಪವನಾ ಹಿನ್ನೀರಿನಲ್ಲಿ ಈಜಲು ಕಾವಲಿರುವ ಒಂದು ದಡ ಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಪುಣೆ ಮತ್ತು ಪಿಂಪ್ರಿ-ಚಿಂಚವಡದ ಕನ್ನಡಿಗರ ಮನೆಗಳಲ್ಲಿ, ಊರಿನಿಂದ ಬರುವ ನೆಂಟರನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಮಾತು ಶುರುವಾಗುತ್ತದೆ. ಹತ್ತು ಹದಿನೈದು ವರ್ಷಗಳ ಹಿಂದೆ ಆ ಮಾತು ಸಿಂಹಗಡ, ಆಳಂದಿ, ದೇಹೂ ಎಂದು ಮುಗಿಯುತ್ತಿತ್ತು. ಈಗ ಪವನಾ ಎಂಬ ಹೆಸರು ಮೊದಲು ಬರುತ್ತದೆ. ಮಾವಳ ತಾಲ್ಲೂಕಿನ ಆ ಜಲಾಶಯದ ದಂಡೆಯಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವುದು, ಬೆಳಿಗ್ಗೆ ಎದ್ದು ನೀರಿಗಿಳಿಯುವುದು, ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗಂತೂ ಚಳಿಗಾಲದ ವಾಡಿಕೆಯೇ ಆಗಿಬಿಟ್ಟಿದೆ. ಅವರಲ್ಲಿ ಹೆಚ್ಚಿನವರ ತಂದೆತಾಯಿ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ದಾವಣಗೆರೆಗಳಲ್ಲಿದ್ದು ತಮ್ಮ ಪತ್ರಿಕೆಯನ್ನು ಓದುವವರಾದ್ದರಿಂದ, ಮಹಾರಾಷ್ಟ್ರದ ಒಂದು ಅಣೆಕಟ್ಟಿನ ವಿಷಯವನ್ನು ಕನ್ನಡ ಪತ್ರಿಕೆಗೆ ಬರೆಯುವುದು ಅಸಂಗತವಲ್ಲವೆಂದು ನಂಬಿದ್ದೇನೆ.

ನಾನು ಹೇಳಬೇಕಾದುದು ಇಷ್ಟು. ಪವನಾದ ಹಿನ್ನೀರಿಗೆ ಇಳಿಯಬಾರದೆಂದು ಫಲಕ ನೆಟ್ಟು ಸುಮ್ಮನಾಗುವುದರಿಂದ ಯಾರ ಪ್ರಾಣವೂ ಉಳಿಯುತ್ತಿಲ್ಲ. ಅದರ ಬದಲು, ನೆಲದ ಪರಿಚಯವಿರುವ, ಗುರುತು ಹಾಕಿದ, ಜೀವರಕ್ಷಕರು ಕಾಯುವ ಒಂದು ಸಣ್ಣ ದಡವನ್ನು ನವೆಂಬರ್‌ನಿಂದ ಫೆಬ್ರವರಿಯವರೆಗೆ ಈಜಿಗೆಂದು ಅಧಿಕೃತವಾಗಿ ತೆರೆದು, ಉಳಿದ ಕಡೆಯ ನಿಷೇಧವನ್ನು ನಿಜವಾಗಿ ಜಾರಿಗೊಳಿಸಬೇಕು.

ಪವನಾ ನೋಡದವರಿಗಾಗಿ ಎರಡು ಮಾತು. ಮುಳಾ ನದಿಯನ್ನು ಸೇರುವ ಪವನಾ ಹೊಳೆಗೆ 1970ರ ದಶಕದ ಆರಂಭದಲ್ಲಿ ಕಟ್ಟಿದ ಈ ಜಲಾಶಯದಲ್ಲಿ ಸುಮಾರು ಎಂಟೂವರೆ ಟಿಎಂಸಿ ನೀರು ನಿಲ್ಲುತ್ತದೆ. ಸುತ್ತಲೂ ಲೋಹಗಡ, ವಿಸಾಪುರ, ತುಂಗ ಮತ್ತು ತಿಕೋನಾ ಕೋಟೆಗಳು. ಬೆಳಗಿನ ಮಂಜು ಎದ್ದ ಮೇಲೆ, ಮೂರು ಮೂಲೆಯ ತಿಕೋನಾ ಗುಡ್ಡದ ನೆರಳು ನೀರಿನಲ್ಲಿ ತಲೆಕೆಳಗಾಗಿ ನಿಂತಿರುವುದನ್ನು ಕಂಡರೆ ಎಂಥವರಿಗೂ ಒಂದು ಸಲ ಇಳಿದು ಬರೋಣವೆನ್ನಿಸುತ್ತದೆ. ಹಾಗೆ ಅನ್ನಿಸುವುದು ತಪ್ಪಲ್ಲ. ಕೃಷ್ಣೆಯ ದಂಡೆಯ ಊರಿನಲ್ಲಿ, ಸೊಂಟಕ್ಕೆ ಹಗ್ಗ ಬಿಗಿದು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯಲ್ಲಿ ಈಜು ಕಲಿತವನು ನಾನು. ಹರಿವ ನೀರನ್ನೂ ನಿಂತ ನೀರನ್ನೂ ಇಂದಿಗೂ ಮನಸಾರೆ ಪ್ರೀತಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್ ತಿಂಗಳ ಒಂದು ಭಾನುವಾರ, ತಂಗಿಯ ಕುಟುಂಬದ ಜೊತೆ ನಾನೂ ಆ ದಂಡೆಯಲ್ಲಿದ್ದೆ. ತಂಗಿಯ ಮಗನಿಗೆ ಆಗ ಇಪ್ಪತ್ತನಾಲ್ಕು ವರ್ಷ. ವಸತಿ ಸಮುಚ್ಚಯದ ಈಜುಕೊಳದಲ್ಲಿ ದಿನವೂ ಇಪ್ಪತ್ತು ಸುತ್ತು ಈಜುವ ಗಟ್ಟಿ ಹುಡುಗ. ಗೆಳೆಯರ ಜೊತೆ ಆಡುತ್ತಿದ್ದಾಗ ವಾಲಿಬಾಲ್ ಚೆಂಡು ನೀರಿಗೆ ಬಿತ್ತು. ಹತ್ತು ಗಂಟೆಯ ಹೊತ್ತಿಗೆ ಕಣಿವೆಯಿಂದ ಎಳೆಗಾಳಿ ಏಳುವ ಸಮಯ ಅದು. ಹಗುರಾದ ಚೆಂಡು ಗಾಳಿಗೆ ಮುಂದೆ ಮುಂದೆ ಸರಿಯುತ್ತಿತ್ತು, ಹುಡುಗ ಅದರ ಹಿಂದೆ ಈಜುತ್ತಿದ್ದ. ಇನ್ನೇನು ಕೈಗೆ ಸಿಕ್ಕಿತು ಎನ್ನುವಷ್ಟು ಹತ್ತಿರವಾದಾಗಲೆಲ್ಲ ಅದು ಮತ್ತೊಂದು ಮಾರು ದೂರ ಹೋಗುತ್ತಿತ್ತು. ದಡದಿಂದ ಅರವತ್ತು ಎಪ್ಪತ್ತು ಮೀಟರ್ ದೂರದಲ್ಲಿ ಅವನು ನಿಂತ. ಹಿಂತಿರುಗಿ ನಮ್ಮ ಕಡೆ ನೋಡಿದ. ನಾವು ಕೈ ಬೀಸಿದೆವು. ಅವನು ಕೈ ಬೀಸಲಿಲ್ಲ.

ಮುಳುಗುವವರು ಕೂಗುತ್ತಾರೆ, ಕೈಕಾಲು ಬಡಿಯುತ್ತಾರೆಂದು ನಾವೆಲ್ಲ ಸಿನಿಮಾ ನೋಡಿ ನಂಬಿಕೊಂಡಿದ್ದೇವೆ. ಅಂದು ನಾನು ಕಂಡದ್ದು ಬೇರೆ. ಅವನ ಬಾಯಿ ನೀರಿನ ಮಟ್ಟಕ್ಕಿತ್ತು, ತಲೆ ಹಿಂದಕ್ಕೆ ವಾಲಿತ್ತು, ಎರಡೂ ಕೈಗಳು ನೀರನ್ನು ಕೆಳಕ್ಕೆ ಒತ್ತುವಂತೆ ಅಕ್ಕಪಕ್ಕ ಚಾಚಿದ್ದವು, ಮತ್ತು ಒಂದು ಸದ್ದೂ ಇರಲಿಲ್ಲ. ಉಸಿರಿಗೇ ಗಾಳಿ ಸಾಲದವನಿಗೆ ಕೂಗಲು ಗಾಳಿ ಎಲ್ಲಿಂದ ಬರಬೇಕು? ಅವನ ಮೀನಖಂಡ ಹಿಡಿದುಕೊಂಡಿತ್ತೆಂದು ನಮಗೆ ಗೊತ್ತಾದದ್ದು ಆಮೇಲೆ. ಅವನ ಗೆಳೆಯರು ದಡದಲ್ಲಿ ಫೋಟೊ ತೆಗೆಯುತ್ತಲೇ ಇದ್ದರು. ನಾನು ಅಂಗಿ ಕಳಚಿ ನೀರಿಗೆ ಕಾಲಿಟ್ಟಾಗ, ಸ್ವಲ್ಪ ದೂರದಲ್ಲಿ ಲಾರಿ ಟ್ಯೂಬಿನ ಮೇಲೆ ಕುಳಿತು ಬಲೆ ಎತ್ತುತ್ತಿದ್ದ ಮೀನುಗಾರನೊಬ್ಬ 'ಉತರೂ ನಕಾ, ಕಾಕಾ!' (ಇಳಿಯಬೇಡಿ, ಕಾಕಾ!) ಎಂದು ಮರಾಠಿಯಲ್ಲಿ ಗದರಿದ. ಆತ ಹುಟ್ಟು ಹಾಕುತ್ತ ಹುಡುಗನ ಬಳಿ ಹೋದ, ಆದರೆ ತೀರ ಹತ್ತಿರ ಹೋಗಲಿಲ್ಲ. ಎರಡು ಮಾರು ದೂರದಲ್ಲೇ ನಿಂತು ಹುಟ್ಟನ್ನು ಅವನತ್ತ ಚಾಚಿದ. ಹುಡುಗ ಅದನ್ನು ಹಿಡಿದ ಮೇಲೆ ಟ್ಯೂಬನ್ನು ಅವನ ಕಂಕುಳಿಗೆ ತಳ್ಳಿ, ತಾನು ಈಜುತ್ತ ದಡಕ್ಕೆ ತಂದ. ನಾನೇ ಹೋಗಿದ್ದರೆ, ಗಾಬರಿಯಲ್ಲಿ ಅವನು ನನ್ನ ಕುತ್ತಿಗೆಯನ್ನು ಅಪ್ಪಿಕೊಂಡು ಇಬ್ಬರೂ ಹೋಗುತ್ತಿದ್ದೆವೆಂಬುದನ್ನು ಆ ಮೀನುಗಾರನೇ ನಂತರ ನಿಧಾನವಾಗಿ ವಿವರಿಸಿದ. ದುಡ್ಡು ಕೊಡಲು ಹೋದ ತಂಗಿಯ ಕೈಯನ್ನು ಹಿಂದಕ್ಕೆ ಸರಿಸಿ, ಬಲೆಯನ್ನು ಅರ್ಧಕ್ಕೇ ಬಿಟ್ಟು ಬಂದಿದ್ದೇನೆಂದು ಹೇಳಿ ಹೊರಟುಹೋದ.

ನಾವು ಟೆಂಟಿಗೆ ಹಣ ತೆತ್ತಿದ್ದ ಆ ಜಾಗದಲ್ಲಿ ಎಸೆಯಲು ಒಂದು ಹಗ್ಗವಿರಲಿಲ್ಲ. ಲೈಫ್ ಜಾಕೆಟ್‌ಗಳೇನೋ ಇದ್ದವು. ಬೋಟಿನವರ ತಗಡಿನ ಕೋಣೆಯಲ್ಲಿ, ಬೀಗದೊಳಗೆ. ಬೀಗ ತೆಗೆಸಿ ನೋಡಿದಾಗ ಅರ್ಧಕ್ಕರ್ಧ ಜಾಕೆಟ್‌ಗಳ ಬಕ್ಕಲ್ ಮುರಿದಿತ್ತು. ಎರಡು ಮರಗಳ ನಡುವೆ ಮಾತ್ರ ಹೊಸದಾಗಿ ಬಣ್ಣ ಬಳಿದ ಫಲಕವೊಂದು 'ನೀರಿಗೆ ಇಳಿಯುವುದಕ್ಕೆ ಕಟ್ಟುನಿಟ್ಟಿನ ನಿಷೇಧವಿದೆ' ಎಂದು ಮರಾಠಿಯಲ್ಲಿ ಹೇಳುತ್ತಿತ್ತು. ಆ ಫಲಕದ ಕೆಳಗೇ ನೂರಾರು ಜನ ಚಪ್ಪಲಿ ಬಿಟ್ಟು ನೀರಿಗಿಳಿದಿದ್ದರು.

ಜಲಾಶಯವನ್ನು ಕೆರೆಯಂತೆ ಅಥವಾ ಈಜುಕೊಳದಂತೆ ಭಾವಿಸುವುದೇ ಮೊದಲ ತಪ್ಪು. ಹಿನ್ನೀರಿನ ತಳ ಎಂದರೆ ಒಂದು ಕಾಲದ ಊರು, ಹೊಲ, ತೋಟ. ಪವನಾ ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿದ್ದ ಭತ್ತದ ಗದ್ದೆಗಳು ಇಂದು ನೀರಿನಡಿ ಇವೆ. ಒಂದು ಬದುವಿನ ಮೇಲೆ ನಿಂತವನಿಗೆ ನೀರು ಮೊಣಕಾಲಿಗಿದ್ದರೆ ಮುಂದಿನ ಹೆಜ್ಜೆಗೆ ಎದೆಯವರೆಗೆ, ಅದರ ಮುಂದಿನ ಹೆಜ್ಜೆಗೆ ತಲೆಯ ಮೇಲೆ. ದಡದಲ್ಲಿ ಕೈ ಕೈ ಹಿಡಿದು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಗುಂಪಿನಲ್ಲಿ ಒಬ್ಬರ ಕಾಲು ಜಾರಿದರೆ ನಾಲ್ವರು ಹೋಗುವುದು ಹೀಗೆಯೇ. ಊರಿದ್ದಲ್ಲಿ ಬಾವಿಯೂ ಇರುತ್ತದೆ, ಮುರಿದ ಗೋಡೆಯೂ ಇರುತ್ತದೆ. ವಾಘೇಶ್ವರನ ಹಳೆಯ ಕಲ್ಲಿನ ಗುಡಿ ವರ್ಷದ ಬಹುಪಾಲು ಪವನಾ ನೀರಿನಲ್ಲೇ ಮುಳುಗಿದ್ದು, ಬೇಸಿಗೆಯಲ್ಲಿ ನೀರು ತಗ್ಗಿದಾಗ ಹೊರಗೆ ಕಾಣಿಸಿಕೊಳ್ಳುತ್ತದೆ. ಜನ ಆಗ ಹೋಗಿ ಪೂಜೆ ಮಾಡಿ ಬರುತ್ತಾರೆ. ಅಂಥ ಕಟ್ಟಡವೇ ಕಣ್ಣಿಗೆ ಬೀಳದಂತೆ ಅಡಗಿರುವ ನೀರಿಗೆ, ಆಳ ನೋಡದೆ ಬಂಡೆಯ ಮೇಲಿನಿಂದ ತಲೆಕೆಳಗಾಗಿ ಧುಮುಕುವ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದಲ್ಲದೆ ಹೂಳು. ನೀರು ಇಳಿಯುವ ತಿಂಗಳುಗಳಲ್ಲಿ ಅಂಚಿನ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಕಣಕದಂತಿರುತ್ತದೆ. ಕಾಲು ಹೂತರೆ ಎಳೆದಷ್ಟೂ ಮತ್ತೆ ಹೂಳುತ್ತದೆ. ಬಿಸಿಲಿಗೆ ಮೇಲಿನ ಒಂದೆರಡು ಮೊಳ ನೀರು ಬೆಚ್ಚಗಿದ್ದು ಅದರ ಕೆಳಗೆ ಥಟ್ಟನೆ ತಣ್ಣಗಾಗುವುದು ಇನ್ನೊಂದು. ತಣ್ಣೀರು ತಾಗಿದೊಡನೆ ಉಸಿರು ಒಮ್ಮೆಲೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಬಲವಾಗಿ ಅಲೆಗಳು ಏಳುತ್ತವೆ, ಮತ್ತು ಎದುರು ದಡ ಇರುವುದಕ್ಕಿಂತ ಬಹಳ ಹತ್ತಿರದಲ್ಲಿದ್ದಂತೆ ಕಣ್ಣಿಗೆ ಮೋಸವಾಗುತ್ತದೆ.

ನಿಷೇಧವೇ ಬೇಡವೆಂದು ನಾನು ಹೇಳುತ್ತಿಲ್ಲ. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದ ದೃಶ್ಯವನ್ನು ಯಾರೂ ಮರೆತಿರಲಾರರು. ಹರಿವಿನ ನಡುವಿನ ಬಂಡೆಯ ಮೇಲೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತಿದ್ದ ಅವರಿಗೆ ಈಜು ಬರುತ್ತಿದ್ದರೂ ಆ ನೀರಿನಲ್ಲಿ ಉಪಯೋಗವಿರಲಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲೆ ಎಲ್ಲೋ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಮೊಣಕಾಲಿನ ನೀರನ್ನು ಪ್ರವಾಹವನ್ನಾಗಿ ಮಾಡುತ್ತದೆ. ಆ ಘಟನೆಯ ಬೆನ್ನಲ್ಲೇ ಪುಣೆ ಜಿಲ್ಲಾಡಳಿತ ಜುಲೈಯಲ್ಲಿ ಜಲಾಶಯ, ಜಲಪಾತಗಳ ಬಳಿ ನಿಷೇಧಾಜ್ಞೆ ಹೊರಡಿಸಿದ್ದು ಸರಿಯಾಗಿಯೇ ಇತ್ತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವ ಹಿನ್ನೀರಿಗೂ ಯಾರೂ ಇಳಿಯಬಾರದು. ಅಣೆಕಟ್ಟಿನ ಗೋಡೆ, ಬಾಗಿಲುಗಳು, ವಿದ್ಯುತ್ ಘಟಕದ ನೀರು ಹೊರಬರುವ ಜಾಗ ಮತ್ತು ಕೆಳಗಿನ ನದಿಪಾತ್ರ ವರ್ಷವಿಡೀ ಮುಚ್ಚಿಯೇ ಇರಬೇಕು. 1903ರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಇದೇ ಪುಣೆಯ ಖಡಕವಾಸಲಾಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ಕಥೆಯನ್ನು ಇಲ್ಲಿನ ಕನ್ನಡಿಗರು ಹೆಮ್ಮೆಯಿಂದ ಮಕ್ಕಳಿಗೆ ಹೇಳುತ್ತೇವೆ. ನೀರು ಒಂದು ಮಟ್ಟ ಮುಟ್ಟಿದರೆ ತಾವೇ ತೆರೆದುಕೊಳ್ಳುವ ಬಾಗಿಲುಗಳವು. ಅಣೆಕಟ್ಟಿನ ನೀರು ಈಜುವವನ ಅನುಕೂಲ ನೋಡಿ ಹರಿಯುವುದಿಲ್ಲವೆಂಬುದನ್ನೂ ಅದರ ಜೊತೆಗೇ ಹೇಳಿಕೊಡಬೇಕು.

ಆದರೆ ನವೆಂಬರ್ ಬಂತೆಂದರೆ ಚಿತ್ರವೇ ಬೇರೆ. ನೀರು ತುಂಬಿ ನಿಂತಿರುತ್ತದೆ, ಒಳಹರಿವು ಇಲ್ಲವೆಂಬಷ್ಟು ಕಡಿಮೆ, ಆಕಾಶ ತಿಳಿ. ಆಗ ಶನಿವಾರ, ಭಾನುವಾರ ಬರುವ ಸಾವಿರಾರು ಜನರನ್ನು ನೀರಿನಿಂದ ದೂರವಿಡಲು ಎಷ್ಟು ಪೊಲೀಸರು ಬೇಕು? ಹತ್ತಾರು ಕಿಲೋಮೀಟರ್ ಉದ್ದದ ಅಂಕುಡೊಂಕಾದ ದಂಡೆಯನ್ನು ಕಾಯುವುದು ಯಾವ ಇಲಾಖೆಗೂ ಆಗದ ಮಾತು. ಒಂದು ಕಡೆ ಕಂಡ ಪೇದೆ ಗದರಿದರೆ ಜನ ಇನ್ನೊಂದು ಕಡೆ, ಯಾರೂ ಕಾಣದಲ್ಲಿ, ಇನ್ನೂ ಅಪಾಯದಲ್ಲಿ ಇಳಿಯುತ್ತಾರೆ. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಸತ್ತವರ ಸಂಖ್ಯೆ 38 ಸಾವಿರವನ್ನು ಮೀರಿತ್ತು. ಈ ಸಾವುಗಳಲ್ಲಿ ಎಷ್ಟೋ ಸಂಭವಿಸಿದ್ದು ನಿಷೇಧದ ಫಲಕವಿರುವ ನೀರಿನಲ್ಲಿಯೇ ಎಂಬುದು ದಿನಪತ್ರಿಕೆ ಓದುವ ಯಾರಿಗೂ ತಿಳಿದ ವಿಷಯ.

ಹಾಗಾದರೆ ಯಾವ ದಡ, ಹೇಗೆ ತೆರೆಯಬೇಕು? ನನ್ನ ಸಲಹೆಯ ತಿರುಳು ಬೇಸಿಗೆಯಲ್ಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ತಗ್ಗಿದಾಗ, ಡಿಸೆಂಬರ್‌ನಲ್ಲಿ ನಾವು ಈಜುವ ನೆಲವೇ ಬಯಲಾಗಿ ಕಣ್ಣೆದುರು ಬಿದ್ದಿರುತ್ತದೆ. ಈಜುಗಾರನಿಗೆ ಸಮುದ್ರವಾಗಲಿ ನದಿಯಾಗಲಿ ಸುಲಭವಾಗಿ ಕೊಡದ ಈ ಅನುಕೂಲವನ್ನು ಜಲಾಶಯ ಕೊಡುತ್ತದೆ. ಇಳಿಜಾರು ನಿಧಾನವಾಗಿರುವ, ಬದುಗಳಿಲ್ಲದ ಇನ್ನೂರು ಮುನ್ನೂರು ಮೀಟರ್ ಉದ್ದದ ಒಂದು ಅಂಚನ್ನು ಆಗ ಆರಿಸಿ, ಕಾಲ್ನಡಿಗೆಯಲ್ಲಿ ಅಂಗುಲ ಅಂಗುಲ ನೋಡಬಹುದು. ಹಳೆಯ ಬೇಲಿಯ ತಂತಿ, ಹರಿದ ಬಲೆ, ಗಾಜಿನ ಬಾಟಲಿಗಳನ್ನು ಆಯ್ದು ಹಾಕಬಹುದು, ಗುಂಡಿಗಳನ್ನು ತುಂಬಿಸಬಹುದು. ಎದೆಮಟ್ಟದ ನೀರು ಎಲ್ಲಿಯವರೆಗೆ ಬರುತ್ತದೆಂದು ಲೆಕ್ಕ ಹಾಕಿ ಅಲ್ಲಿ ಅಳತೆಯ ಕಂಬಗಳನ್ನು ನಿಲ್ಲಿಸಬಹುದು. ನೀರಾವರಿ ಇಲಾಖೆಯವರು ಜಲಾಶಯದ ಮಟ್ಟವನ್ನು ದಿನವೂ ದಾಖಲಿಸುವುದರಿಂದ, ಇಂದಿನ ಮಟ್ಟಕ್ಕೆ ಯಾವ ಕಂಬದ ಬಳಿ ಎಷ್ಟು ಆಳ ಎಂಬುದನ್ನು ದಡದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಕಷ್ಟದ ಕೆಲಸವಲ್ಲ. 'ಅಪಾಯ' ಎಂಬ ಒಂದು ಪದಕ್ಕಿಂತ 'ಈ ಕಂಬದಾಚೆ 18 ಅಡಿ' ಎಂಬ ಅಂಕಿ ಮನುಷ್ಯನನ್ನು ಹೆಚ್ಚು ಬೇಗ ನಿಲ್ಲಿಸುತ್ತದೆ.

ನೀರು ತುಂಬಿದ ಮೇಲೆ ಆ ಅಂಚಿನ ಸುತ್ತ ಹಗ್ಗಕ್ಕೆ ಪೋಣಿಸಿದ ತೇಲುಬುರುಡೆಗಳ ಸಾಲು ಬೇಕು: ಎದೆಮಟ್ಟದೊಳಗೆ ಮಕ್ಕಳು ಮತ್ತು ಈಜು ಬಾರದವರು, ಅದರಾಚೆ ಈಜು ಬಲ್ಲವರು. ಈಜುವ ದಾರಿ ದಡಕ್ಕೆ ಸಮಾನಾಂತರವಾಗಿಯೇ ಇರಬೇಕು, ಎದುರು ದಡಕ್ಕೆ ಎಂದೂ ಅಲ್ಲ. ದಣಿದವನು ಯಾವ ಹೊತ್ತಿಗೂ ಪಕ್ಕಕ್ಕೆ ತಿರುಗಿ ಹತ್ತು ಹನ್ನೆರಡು ಕೈ ಹಾಕಿದರೆ ಕಾಲೂರುವಂತಿರಬೇಕು. ಮೋಟಾರ್ ಬೋಟ್‌ಗಳು ಆ ಸಾಲಿನ ಹತ್ತಿರ ಸುಳಿಯಬಾರದು. ಒಳಗೆ ಹೋಗುವವರಿಗೆ ಸಂಖ್ಯೆಯುಳ್ಳ ಪಟ್ಟಿ ಕೊಟ್ಟು ಹೊರಬಂದಾಗ ಹಿಂಪಡೆದರೆ, ಎಷ್ಟು ಜನ ಇನ್ನೂ ನೀರಿನಲ್ಲಿದ್ದಾರೆಂಬುದು ಕಾವಲಿನವರಿಗೆ ಪ್ರತಿ ಕ್ಷಣ ತಿಳಿದಿರುತ್ತದೆ. ಕುಡಿದವರಿಗೆ ಪ್ರವೇಶವಿಲ್ಲ, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಎಲ್ಲರೂ ಹೊರಗೆ. ಮಹಾರಾಷ್ಟ್ರದ ಮಾಲವಣದ ಚಿವಲಾ ಕಡಲತೀರದಲ್ಲಿ ವರ್ಷವರ್ಷವೂ ನಡೆಯುವ ರಾಜ್ಯಮಟ್ಟದ ಸಮುದ್ರ ಈಜು ಸ್ಪರ್ಧೆಯಲ್ಲಿ ಎಳೆಯ ಮಕ್ಕಳಿಂದ ಹಿಡಿದು ಅರವತ್ತು ದಾಟಿದವರವರೆಗೆ ಕಡಲಿಗಿಳಿಯುತ್ತಾರೆ. ತೆರೆದ ಕಡಲಿನಲ್ಲಿ ಅಷ್ಟು ಜನರನ್ನು ಈಜಿಸಿ ದಡ ಸೇರಿಸಬಲ್ಲ ರಾಜ್ಯಕ್ಕೆ, ನಿಂತ ನೀರಿನ ಮುನ್ನೂರು ಮೀಟರ್ ದೊಡ್ಡದಲ್ಲ.

ಜೀವರಕ್ಷಕರು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ಆ ಮೀನುಗಾರನೇ. ಪವನಾ ಸುತ್ತಲಿನ ಹಳ್ಳಿಗಳವರು ಈ ನೀರಿಗಾಗಿ ಹೊಲಮನೆ ಬಿಟ್ಟುಕೊಟ್ಟವರು. ಈ ನೀರಿನ ಮೇಲಿನ ಹಕ್ಕಿನ ಪ್ರಶ್ನೆ ಮಾವಳದಲ್ಲಿ ಎಷ್ಟು ಸೂಕ್ಷ್ಮವೆಂಬುದಕ್ಕೆ, ಪಿಂಪ್ರಿ-ಚಿಂಚವಡಕ್ಕೆ ಕೊಳವೆಯಲ್ಲಿ ನೀರೊಯ್ಯುವ ಯೋಜನೆಯ ವಿರುದ್ಧ 2011ರ ಆಗಸ್ಟ್ 9ರಂದು ನಡೆದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಮೂವರು ರೈತರು ಬಲಿಯಾದದ್ದೇ ಸಾಕ್ಷಿ. ಪಟ್ಟಣದವರು ಬಂದು ಈಜಿ, ತಿಂದು, ಕಸ ಬಿಟ್ಟು ಹೋಗುವ ಇನ್ನೊಂದು ಯೋಜನೆಯಾಗಿ ಇದು ಅವರ ಮೇಲೆ ಬೀಳಬಾರದು. ನೀರಿನ ಪ್ರತಿಯೊಂದು ತಿರುವನ್ನೂ ಬಲ್ಲ ಆ ಹಳ್ಳಿಗಳ ಯುವಕ ಯುವತಿಯರಿಗೆ ಸರಿಯಾದ ತರಬೇತಿ, ವಿಮೆ ಮತ್ತು ತಿಂಗಳ ಸಂಬಳ ಕೊಟ್ಟು ದಡದ ಹೊಣೆಯನ್ನು ಅವರಿಗೇ ವಹಿಸಬೇಕು. ವಾಹನ ನಿಲುಗಡೆ ಮತ್ತು ಟೆಂಟಿನ ಶುಲ್ಕದಲ್ಲಿ ಒಂದು ಪಾಲನ್ನು ಅದಕ್ಕೆಂದೇ ತೆಗೆದಿಡಬೇಕು. ಇಂದು ಲೋನಾವಳದ ಶಿವದುರ್ಗ ಮಿತ್ರ ತಂಡದಂಥ ಸ್ವಯಂಸೇವಕರು ರಾತ್ರಿಯೆನ್ನದೆ ಮಳೆಯೆನ್ನದೆ ಬಂದು ಹುಡುಕುತ್ತಾರೆ. ಅವರ ಋಣ ದೊಡ್ಡದು. ಆದರೆ ಕರೆ ಹೋಗಿ ಅವರು ಬಂದು ತಲುಪುವ ಹೊತ್ತಿಗೆ ಬಹುತೇಕ ಉಳಿದಿರುವುದು ಶವವನ್ನು ಮೇಲೆತ್ತುವ ಕೆಲಸ. ಮುಳುಗುವವನಿಗೆ ಇರುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ದಡದ ಮೇಲೆ ಇರುವವರು ಮಾತ್ರ ನೆರವಾಗಬಲ್ಲರು.

ಇದು ಕುಡಿಯುವ ನೀರು, ಇದರಲ್ಲಿ ಈಜುವುದು ಸರಿಯೇ ಎಂದು ಕೇಳುವವರಿದ್ದಾರೆ. ಗಂಭೀರವಾದ ಆಕ್ಷೇಪಣೆಯೇ. ನಾನು ವಾಸಿಸುವುದು ಪಿಂಪ್ರಿ-ಚಿಂಚವಡದ ನಿಗಡಿಯಲ್ಲಿ. ಪವನಾದಿಂದ ನದಿಗೆ ಬಿಟ್ಟ ನೀರನ್ನು ರಾವೇತದ ಬಳಿ ಎತ್ತಿ, ನಮ್ಮ ಬಡಾವಣೆಯ ಸೆಕ್ಟರ್ 23ರ ಶುದ್ಧೀಕರಣ ಘಟಕದಲ್ಲಿ ಸೋಸಿ ನಮ್ಮ ಮನೆಗಳಿಗೆ ಬಿಡುತ್ತಾರೆ. ನಾನೂ ನನ್ನ ಮೊಮ್ಮಕ್ಕಳೂ ಕುಡಿಯುವುದು ಅದನ್ನೇ. ಆದ್ದರಿಂದ ಆ ನೀರಿನ ಬಗ್ಗೆ ನನಗಿರುವ ಕಾಳಜಿ ಯಾರಿಗಿಂತಲೂ ಕಡಿಮೆಯಲ್ಲ. ಸೋಪು, ಎಣ್ಣೆ ಹಚ್ಚದೆ, ದಡದಲ್ಲಿ ಮೈ ತೊಳೆದುಕೊಂಡು ಇಳಿಯುವ ಈಜುಗಾರನಿಗಿಂತ, ದಂಡೆಯ ಮೇಲೆ ಸಾಲುಗಟ್ಟಿದ ವಸತಿಗಳ ಶೌಚದ ನೀರು, ಮೋಟಾರ್ ಬೋಟಿನಿಂದ ಸೋರುವ ಎಣ್ಣೆ, ಭಾನುವಾರ ಸಂಜೆ ಅಂಚಿನುದ್ದಕ್ಕೂ ಉಳಿಯುವ ಪ್ಲಾಸ್ಟಿಕ್ ತಟ್ಟೆಗಳು ನನ್ನನ್ನು ಹೆಚ್ಚು ಕಾಡುತ್ತವೆ. ಒಂದು ದಡವನ್ನು ಅಧಿಕೃತವಾಗಿ ತೆರೆದರೆ ಶೌಚಾಲಯ, ಕಸದ ಬುಟ್ಟಿ, ಲೆಕ್ಕ ಕೇಳಲು ಒಬ್ಬ ಹೊಣೆಗಾರ, ಮೂರೂ ಅಲ್ಲಿರಬೇಕಾಗುತ್ತದೆ. ಈಗ ಮೂರೂ ಇಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಬಟ್ಟೆ ಬದಲಿಸಲು ಮರೆಯಾದ ಒಂದು ಕೋಣೆಯೂ ಇಲ್ಲದ ದಡದಲ್ಲಿ ಅವರು ಸೀರೆಯಲ್ಲೋ, ದುಪ್ಪಟ್ಟಾ ಸಹಿತ ಚೂಡಿದಾರದಲ್ಲೋ ನೀರಿಗಿಳಿಯುತ್ತಾರೆ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳೂ ಏಳಲಾರಳು. ಎರಡು ಕೋಣೆ ಕಟ್ಟಿಸುವುದೂ ಜೀವ ಉಳಿಸುವ ಕೆಲಸವೆಂದು ನಮ್ಮ ಯೋಜನೆ ಮಾಡುವವರಿಗೆ ಯಾರಾದರೂ ಹೇಳಬೇಕು.

ಇನ್ನು ನಮ್ಮವರ ಹೊಣೆ. ಪುಣೆಯ ಕನ್ನಡ ಸಂಘಟನೆಗಳು ರಾಜ್ಯೋತ್ಸವಕ್ಕೆ ನಾಟಕ, ಸಂಗೀತ, ಕ್ರಿಕೆಟ್ ಪಂದ್ಯಗಳನ್ನು ಅಚ್ಚುಕಟ್ಟಾಗಿ ನಡೆಸುತ್ತವೆ. ಅವುಗಳ ಜೊತೆಗೆ, ಈಜುಕೊಳದಲ್ಲಿ ಕಲಿತ ಮಕ್ಕಳಿಗೆ ತೆರೆದ ನೀರಿನ ಈಜನ್ನು ಪರಿಚಯಿಸುವ ಶಿಬಿರವನ್ನೂ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಕೊಳದಲ್ಲಿ ತಳಕ್ಕೆ ಬಳಿದ ಗೆರೆ ಕಾಣುತ್ತದೆ, ಇಪ್ಪತ್ತೈದು ಮೀಟರಿಗೊಮ್ಮೆ ಹಿಡಿದುಕೊಳ್ಳಲು ಗೋಡೆ ಸಿಗುತ್ತದೆ. ಹಿನ್ನೀರಿನಲ್ಲಿ ಕಣ್ಣು ತೆರೆದರೆ ಹಸಿರುಗತ್ತಲೆ. ಆರೆಂಟು ಕೈಗೊಮ್ಮೆ ಮೊಸಳೆಯಂತೆ ಕಣ್ಣಷ್ಟನ್ನೇ ಮೇಲೆತ್ತಿ ದಡದ ಒಂದು ಮರವನ್ನೋ ಗುಡ್ಡವನ್ನೋ ಗುರುತಿಟ್ಟು ನೋಡದಿದ್ದರೆ ದಿಕ್ಕು ತಪ್ಪುತ್ತದೆ. ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಅಂಗಾತ ತೇಲುವುದನ್ನು. ನಮ್ಮ ಊರ ಬಾವಿಯಲ್ಲಿ ಹಿರಿಯರು ಕೈ ಬಡಿಯುವುದನ್ನು ಕಲಿಸುವ ಮೊದಲು, ಆಕಾಶ ನೋಡುತ್ತ ಮೈ ಸಡಿಲಬಿಟ್ಟು ನೂರು ಎಣಿಸುವವರೆಗೆ ಮಲಗಿಸುತ್ತಿದ್ದರು. ತಂಗಿಯ ಮಗನಿಗೆ ನಾಲ್ಕು ಬಗೆಯ ಈಜು ಬರುತ್ತಿತ್ತು, ಅದೊಂದು ಬರುತ್ತಿರಲಿಲ್ಲ. ಮೀನಖಂಡ ಹಿಡಿದಾಗ ಅಂಗಾತ ತಿರುಗಿ ಉಸಿರಾಡುತ್ತ ಮಲಗಿದ್ದರೆ ಅಷ್ಟು ಗಾಬರಿಗೆ ಕಾರಣವೇ ಇರಲಿಲ್ಲ. ದೂರ ಈಜುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಕಿತ್ತಳೆ ಬಣ್ಣದ ಗಾಳಿಚೀಲವೊಂದು ಅಂಗಡಿಗಳಲ್ಲಿ ಸಿಗುತ್ತದೆ. ಬೋಟಿನವರಿಗೆ ದೂರದಿಂದ ಕಾಣುತ್ತದೆ, ದಣಿದಾಗ ತಬ್ಬಿಕೊಳ್ಳಲೂ ಆಗುತ್ತದೆ. ನನ್ನ ಕಾಲದ ಸೋರೆಬುರುಡೆಯೇ ಅದು, ರೂಪವಷ್ಟೇ ಬೇರೆ.

ನೀರಿನಿಂದ ತೆಗೆದವರಿಗೆ ಏನು ಮಾಡಬೇಕೆಂಬುದೂ ಆ ಶಿಬಿರದಲ್ಲಿರಲಿ. ಅಂದು ದಡದ ಮೇಲೆ ಸೇರಿದ ಜನರಲ್ಲಿ ಒಬ್ಬರು ಹುಡುಗನನ್ನು ತಲೆಕೆಳಗು ಮಾಡಿ ಎಂದರು, ಇನ್ನೊಬ್ಬರು ಹೊಟ್ಟೆ ಅದುಮಿ ಎಂದರು. ಎರಡೂ ತಪ್ಪು, ಹೊಟ್ಟೆಯ ನೀರು ಶ್ವಾಸಕೋಶಕ್ಕೆ ನುಗ್ಗಿ ಇನ್ನಷ್ಟು ಕೆಡುಕಾಗುತ್ತದೆ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಬೆಚ್ಚಗಿಡಬೇಕು. ಉಸಿರು ನಿಂತಿದ್ದರೆ ತಡಮಾಡದೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯ ನಡುವೆ ಒತ್ತಲು ತೊಡಗಬೇಕು, ಜೊತೆಯಲ್ಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಚೇತರಿಸಿಕೊಂಡು ಎದ್ದು ಕುಳಿತರೂ ಆಸ್ಪತ್ರೆಗೆ ಒಯ್ಯಲೇಬೇಕು, ಏಕೆಂದರೆ ನೀರು ಕುಡಿದ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ನಮ್ಮ ಹುಡುಗನನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡು ನೋಡಿಯೇ ಮನೆಗೆ ಕಳಿಸಿದರು.

ದಡ ತೆರೆದರೆ ಜನ ಇನ್ನೂ ಹೆಚ್ಚು ಬಂದಾರು, ಸಾವೂ ಹೆಚ್ಚೀತು ಎಂಬ ಅಂಜಿಕೆ ಅಧಿಕಾರಿಗಳಲ್ಲಿ ಇರುವುದು ಸಹಜ. ತೆರೆದ ಮೇಲೆ ಒಂದು ಅನಾಹುತವಾದರೆ ಹೊಣೆ ಅವರ ತಲೆಗೆ ಬರುತ್ತದೆ, ಮುಚ್ಚಿಟ್ಟರೆ ಸತ್ತವನ ತಲೆಗೆ. ಆದರೆ ಜನ ಈಗಾಗಲೇ ಬಂದಿದ್ದಾರೆ, ದಿನವೂ ಬರುತ್ತಿದ್ದಾರೆ. ಒಂದು ಚಳಿಗಾಲದ ಮಟ್ಟಿಗೆ, ವಾರಾಂತ್ಯಗಳಲ್ಲಿ ಮಾತ್ರ, ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯೊಂದಿಗೆ ಇದನ್ನು ನಡೆಸಿ ನೋಡಲಿ. ಲೆಕ್ಕ ಇಡಲಿ. ಫಲ ಕಾಣದಿದ್ದರೆ ಮುಚ್ಚಲಿ.

ಕರ್ನಾಟಕದಲ್ಲಿಯೂ ಕನ್ನಂಬಾಡಿ, ಹಿಡಕಲ್, ನವಿಲುತೀರ್ಥ, ಶರಾವತಿ, ಭದ್ರಾ ಹಿನ್ನೀರುಗಳ ದಂಡೆಯಲ್ಲಿ ಇದೇ ಬಗೆಯ ವಸತಿಗಳು, ಇದೇ ಫಲಕಗಳು ಇವೆ. ಅಲ್ಲಿಯೂ ಬೇಸಿಗೆಯಲ್ಲಿ ನೆಲ ಬಯಲಾಗುತ್ತದೆ. ಅಲ್ಲಿನ ಓದುಗರು ತಮ್ಮ ಜಲಾಶಯದ ಅಂಚನ್ನು ಆ ದಿನಗಳಲ್ಲಿ ಒಮ್ಮೆ ನಡೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಡಿಸೆಂಬರ್‌ನಲ್ಲಿ ತಮ್ಮ ಮಕ್ಕಳು ಯಾವುದರ ಮೇಲೆ ಈಜುತ್ತಾರೆಂಬುದು ಕಾಣುತ್ತದೆ.

ಇಲ್ಲಿನ ನಮ್ಮ ಬೆಳಗಿನ ಈಜಿನ ಗುಂಪಿನಲ್ಲಿ ಕನ್ನಡಿಗರು, ಮರಾಠಿಗರು ಸೇರಿ ಹದಿನಾಲ್ಕು ಜನರಿದ್ದೇವೆ. ಅವರಲ್ಲಿ ಇಬ್ಬರು ನಿವೃತ್ತ ಭೂಮಾಪಕರು. ಬರುವ ಮೇ ತಿಂಗಳಲ್ಲಿ ಪವನಾ ನೀರು ತಗ್ಗಿದಾಗ, ಸಂಬಂಧಪಟ್ಟ ಇಲಾಖೆಯವರು ಮತ್ತು ಗ್ರಾಮ ಪಂಚಾಯಿತಿಯವರು ಒಪ್ಪಿದರೆ, ನಮ್ಮದೇ ಖರ್ಚಿನಲ್ಲಿ ಅಳತೆಯ ಟೇಪು, ಬಿದಿರಿನ ಗಳ, ಸುಣ್ಣದ ಚೀಲಗಳೊಂದಿಗೆ ಬಂದು ಆ ಮುನ್ನೂರು ಮೀಟರ್ ನೆಲದ ನಕ್ಷೆಯನ್ನು ಮಾಡಿಕೊಡಲು ಸಿದ್ಧರಿದ್ದೇವೆ. ಆ ಮೀನುಗಾರನ ಬಳಿ ಕಳೆದ ತಿಂಗಳು ಹೋಗಿ ಮಾತನಾಡಿದೆ. ಯಾವ ಅಂಚು ಸೂಕ್ತವೆಂದು ತೋರಿಸಲು ತಾನೂ ಬರುತ್ತೇನೆಂದು ಆತ ಹೇಳಿದ್ದಾನೆ.

ತಮ್ಮ ವಿಶ್ವಾಸಿ,
ಓರ್ವ ಹಿರಿಯ ಓದುಗ
ನಿಗಡಿ ಪ್ರಾಧಿಕರಣ, ಪುಣೆ